ರಕ್ತವರ್ಗವೂ ವಾಂತಿಭೇದಿಯೂ

ಯಲಹಂಕದಲ್ಲಿಯೋ ಹೆಬ್ಬಾಳದಲ್ಲಿಯೋ ರಕ್ತದಾನಕ್ಕೆ ಹೋದವರಿಗೆ ತಮ್ಮ ರಕ್ತದ ವರ್ಗ ಯಾವುದೆಂದು ತಿಳಿದುಬರುತ್ತದೆ. ಎ, ಬಿ, ಎಬಿ, ಓ, ಇವುಗಳಲ್ಲಿ ಒಂದು. ದಕ್ಷಿಣ ಭಾರತದಲ್ಲಿ ಓ ವರ್ಗದವರೇ ಹೆಚ್ಚು. ಬಿ ವರ್ಗದವರು ಅವರ ಹಿಂದೆ. ಈ ವರ್ಗಕ್ಕೂ ಸೂಕ್ಷ್ಮಾಣುಗಳಿಂದ ಬರುವ ರೋಗಕ್ಕೂ ಸಂಬಂಧವುಂಟೆ ಎಂದು ಈಚೆಗೆ ಅನೇಕರು ಕೇಳುತ್ತಾರೆ. ಕೆಲವರಂತೂ ಅದನ್ನು ಜಾತಕದಂತೆ ಓದತೊಡಗಿದ್ದಾರೆ.

ರಕ್ತವರ್ಗಗಳನ್ನು 1901ರಲ್ಲಿ ವಿಯೆನ್ನ ನಗರದ ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬ ವಿದ್ವಾಂಸನು ಪ್ರಕಟಪಡಿಸಿದನು. ಕೆಂಪು ಕಣಗಳ ಮೇಲಿರುವ ಸಕ್ಕರೆಯ ಸರಣಿಗಳ ವ್ಯತ್ಯಾಸವೇ ಇವುಗಳಿಗೆ ಕಾರಣ. ಎ ವರ್ಗದವರಲ್ಲಿ ಸರಣಿಯ ತುದಿಗೆ ಒಂದು ಬಗೆಯ ಸಕ್ಕರೆಯೂ, ಬಿ ವರ್ಗದವರಲ್ಲಿ ಇನ್ನೊಂದು ಬಗೆಯ ಸಕ್ಕರೆಯೂ ಅಧಿಕವಾಗಿ ಸೇರಿರುತ್ತದೆ. ಓ ವರ್ಗದವರಲ್ಲಿ ಎರಡೂ ಇರುವುದಿಲ್ಲ. ಈ ಸರಣಿಗಳು ರಕ್ತದಲ್ಲಿ ಮಾತ್ರವೇ ಇಲ್ಲ. ಕರುಳಿನ ಒಳಪೊರೆಯಲ್ಲಿಯೂ, ಬಹುಮಂದಿಯ ಜೊಲ್ಲಿನಲ್ಲಿಯೂ ಇವೆ. ನುಂಗಿದ ನೀರಿನೊಡನೆ ಒಳಹೊಕ್ಕ ಸೂಕ್ಷ್ಮಾಣು ಎದುರಾಗುವುದು ಇವುಗಳನ್ನೇ.

ಸಂಬಂಧವು ಸ್ಪಷ್ಟವಾಗಿ ಕಂಡುಬಂದಿರುವುದು ಕಾಲರಾ ಎಂಬ ವಾಂತಿಭೇದಿಯಲ್ಲಿ. ಬಾಂಗ್ಲಾದೇಶದ ರೋಗಿಗಳನ್ನು ಕುರಿತು 1985ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಓ ವರ್ಗದವರಿಗೆ ಸೋಂಕು ಇತರರಿಗಿಂತ ಹೆಚ್ಚಾಗಿ ತಗಲುವುದಿಲ್ಲವೆಂದೂ, ತಗಲಿದರೆ ಮಾತ್ರ ಉಗ್ರವಾಗುವುದೆಂದೂ ತಿಳಿದುಬಂದಿತು. ಈ ಭೇದವನ್ನು ಮರೆತವರೇ ವೃಥಾ ಭಯಪಡುವವರು. 2016ರಲ್ಲಿ ಅಮೆರಿಕದ ಸೈಂಟ್ ಲೂಯಿಸ್ ನಗರದಲ್ಲಿ ಮನುಷ್ಯರ ಕರುಳಿನ ಕೋಶಗಳನ್ನು ಬೆಳೆಸಿ, ಅವುಗಳಿಗೆ ರೋಗದ ವಿಷವನ್ನು ಸೋಕಿಸಿ ನೋಡಲಾಯಿತು. ನೀರನ್ನು ಹೊರಚೆಲ್ಲುವಂತೆ ಕೋಶಗಳನ್ನು ಪ್ರಚೋದಿಸುವ ವಸ್ತುವು ಓ ವರ್ಗದ ಕೋಶಗಳಲ್ಲಿ ಅಧಿಕವಾಗಿ ಉತ್ಪತ್ತಿಯಾಯಿತು.

ಹಾಗಾದರೆ ಎ ವರ್ಗದವರು ನಿಶ್ಚಿಂತರೆ? ಅದೂ ಇಲ್ಲ. ಪ್ರವಾಸಿಗಳಿಗೆ ಭೇದಿಯನ್ನು ತರುವ ಒಂದು ಬಗೆಯ ಇ. ಕೋಲಿ ಸೂಕ್ಷ್ಮಾಣುವು ಅವರನ್ನೇ ಹೆಚ್ಚು ಬೇಗನೆ, ಹೆಚ್ಚು ಕಠಿಣವಾಗಿ ಪೀಡಿಸುವುದೆಂದು 2018ರಲ್ಲಿ ಪ್ರಕಟವಾಯಿತು.

ನೀರಿನ ವಿಚಾರವನ್ನು ಬೆಂಗಳೂರಿಗರು ಚೆನ್ನಾಗಿ ಬಲ್ಲರು. 1896ರಲ್ಲಿ, ಯಲಹಂಕಕ್ಕೆ ಪಡುವಲಲ್ಲಿರುವ ಹೆಸರಘಟ್ಟದಿಂದ ಅರ್ಕಾವತಿಯ ನೀರು ನಳಗಳಲ್ಲಿ ಊರಿಗೆ ಬಂದಿತು. ಅದಕ್ಕೆ ಮುಂಚೆ ಕೆರೆಬಾವಿಗಳೇ ಜನರಿಗೆ ಗತಿ. ಅವು ಕೆಟ್ಟರೆ ಯಾವ ವರ್ಗದ ರಕ್ತವೂ ರಕ್ಷೆಯಾಗುತ್ತಿರಲಿಲ್ಲ. 2024ರ ಏಪ್ರಿಲಿನಲ್ಲಿ ಈ ನಗರದಲ್ಲಿ ಮತ್ತೆ ಕಾಲರಾ ಕಾಣಿಸಿಕೊಂಡಾಗ ಅಧಿಕಾರಿಗಳು ಪರೀಕ್ಷೆಗೆ ಕಳುಹಿಸಿದುದೂ ನೀರನ್ನೇ.

ಚಿಕಿತ್ಸೆಯಲ್ಲಿ ವರ್ಗಭೇದವಿಲ್ಲ. ಭೇದಿ ಮೊದಲಾದೊಡನೆಯೇ, ಸರಿಯಾದ ಪ್ರಮಾಣದಲ್ಲಿ ಉಪ್ಪು ಸಕ್ಕರೆ ಬೆರೆಸಿದ ಶುದ್ಧ ನೀರನ್ನು ಮೇಲಿಂದ ಮೇಲೆ ಕುಡಿಸಬೇಕು. ರೋಗಿಯು ಕುಡಿಯಲಾರದೆ ಬಳಲಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ದು, ರಕ್ತನಾಳದ ಮೂಲಕ ದ್ರವವನ್ನು ಕೊಡಿಸಬೇಕು. ಓ ವರ್ಗದವರು ಮನೆಯಲ್ಲಿದ್ದರೆ ಈ ತ್ವರೆಯು ಇನ್ನಷ್ಟು ಅಗತ್ಯ.