ಬೇಲಿ ಹೊಲ ಮೇಯ್ದರೆ ಕೇಳುವವರಾರು?

1994ರ ಜನವರಿ 11. ರುವಾಂಡಾದ ರಾಜಧಾನಿ ಕಿಗಾಲಿಯಿಂದ ನ್ಯೂಯಾರ್ಕ್‌ನ ವಿಶ್ವಸಂಸ್ಥೆ ಕಚೇರಿಗೆ ಒಂದು ಫ್ಯಾಕ್ಸ್ ಬಂತು. ಕಳಿಸಿದ್ದವರು ಅಲ್ಲಿನ ಶಾಂತಿಪಾಲನಾ ಪಡೆಯ ಕಮಾಂಡರ್, ಕೆನಡಾದ ರೋಮಿಯೊ ಡಲೇರ್. ಕಿಗಾಲಿಯ ಟುಟ್ಸಿ ಜನಾಂಗದವರ ಪಟ್ಟಿ ತಯಾರಾಗುತ್ತಿದೆ, ಅವರನ್ನು ಮುಗಿಸುವುದೇ ಇದರ ಉದ್ದೇಶವಿರಬೇಕು, ತಾನು ತರಬೇತಿ ಕೊಟ್ಟವರು ಇಪ್ಪತ್ತು ನಿಮಿಷದಲ್ಲಿ ಸಾವಿರ ಜನರನ್ನು ಕೊಲ್ಲಬಲ್ಲರು ಎಂದು ಸಂಚಿನ ಒಳಗಿನವನೊಬ್ಬ ಸುಳಿವು ಕೊಟ್ಟಿದ್ದ. ಆಯುಧ ಬಚ್ಚಿಟ್ಟ ಜಾಗದ ಮೇಲೆ ದಾಳಿ ಮಾಡುತ್ತೇನೆ ಎಂದು ಡಲೇರ್ ಬರೆದಿದ್ದರು. ಬೇಡ ಎಂಬ ಉತ್ತರ ಬಂತು. ವಿಷಯವನ್ನು ರುವಾಂಡಾದ ಅಧ್ಯಕ್ಷರ ಗಮನಕ್ಕೆ ತನ್ನಿ ಎಂಬ ಸೂಚನೆಯೂ ಜೊತೆಗಿತ್ತು.

ಏಪ್ರಿಲ್ 6ರ ರಾತ್ರಿ ಆ ಅಧ್ಯಕ್ಷರ ವಿಮಾನವನ್ನೇ ಯಾರೋ ಹೊಡೆದುರುಳಿಸಿದರು. ನರಮೇಧ ಶುರುವಾಯಿತು. ಹತ್ತು ಮಂದಿ ಬೆಲ್ಜಿಯಂ ಯೋಧರು ಹತರಾದ ಮೇಲೆ ಆ ದೇಶ ತನ್ನ ಪಡೆಯನ್ನು ವಾಪಸ್ ಕರೆಸಿಕೊಂಡಿತು. ಕಿಗಾಲಿಯ ತಾಂತ್ರಿಕ ಶಾಲೆಯೊಂದರಲ್ಲಿ ಬೆಲ್ಜಿಯಂ ಯೋಧರನ್ನು ನಂಬಿ ಸುಮಾರು ಎರಡು ಸಾವಿರ ಜನ ಆಶ್ರಯ ಪಡೆದಿದ್ದರು. ಏಪ್ರಿಲ್ 11ರಂದು ಯೋಧರು ಹೊರಟರು. ಗೇಟಿನಾಚೆ ಕಾದಿದ್ದ ಹಂತಕರು ಒಳನುಗ್ಗಿದರು. ಅಂಥ ಹೊತ್ತಿನಲ್ಲೇ ಭದ್ರತಾ ಮಂಡಳಿ ಪಡೆಯ ಬಲವನ್ನು 270ಕ್ಕೆ ಇಳಿಸಲು ತೀರ್ಮಾನಿಸಿತು. ನೂರು ದಿನಗಳಲ್ಲಿ ಸತ್ತವರು ಸುಮಾರು 8 ಲಕ್ಷ.

ಬೇಲಿಯೇ ಎದ್ದು ಹೊಲ ಮೇಯ್ದರೆ ಪಕ್ಕದ ಹೊಲದವರು ಏನು ಮಾಡಬೇಕು? 1945ರ ವಿಶ್ವಸಂಸ್ಥೆಯ ಸನ್ನದಿನಲ್ಲಿ ಇದಕ್ಕೆ ನೇರ ಉತ್ತರವಿರಲಿಲ್ಲ. ಒಂದು ದೇಶದ ಆಂತರಿಕ ವ್ಯವಹಾರದಲ್ಲಿ ತಲೆಹಾಕಬಾರದು ಎಂದೇ ಅದು ಹೇಳುತ್ತಿತ್ತು. ಈ ಇಕ್ಕಟ್ಟಿನ ಅನುಭವ ಭಾರತಕ್ಕೂ ಆಗಿದೆ. 1971ರಲ್ಲಿ ಪಾಕ್ ಸೇನೆಯ ದೌರ್ಜನ್ಯಕ್ಕೆ ಹೆದರಿ ಪೂರ್ವ ಬಂಗಾಳದಿಂದ ಒಂದು ಕೋಟಿಯಷ್ಟು ನಿರಾಶ್ರಿತರು ಗಡಿ ದಾಟಿ ಬಂದರು. ಡಿಸೆಂಬರ್‌ನಲ್ಲಿ ಯುದ್ಧ ನಡೆದಾಗ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 104 ದೇಶಗಳು ಕದನವಿರಾಮ ಮತ್ತು ಸೇನಾ ವಾಪಸಾತಿಗೆ ಮತ ಹಾಕಿದವು. ವಿರುದ್ಧ ಬಿದ್ದದ್ದು 11 ಮಾತ್ರ. 1979ರಲ್ಲಿ ಕಾಂಬೋಡಿಯಾದ ಪೋಲ್ ಪಾಟ್‌ನ ಕ್ರೂರ ಆಡಳಿತವನ್ನು ವಿಯೆಟ್ನಾಂ ಉರುಳಿಸಿತು. ಆದರೂ ವಿಶ್ವಸಂಸ್ಥೆಯಲ್ಲಿ ಆ ದೇಶದ ಕುರ್ಚಿ ಪೋಲ್ ಪಾಟ್‌ನ ಖಮೇರ್ ರೂಜ್ ಪಕ್ಷದ ಕೈಯಲ್ಲೇ ಉಳಿಯಿತು.

1995ರ ಜುಲೈನಲ್ಲಿ ಬೋಸ್ನಿಯಾದ ಸ್ರೆಬ್ರೆನಿಟ್ಸಾ ಬಿತ್ತು. ವಿಶ್ವಸಂಸ್ಥೆಯೇ ‘ಸುರಕ್ಷಿತ ಪ್ರದೇಶ’ ಎಂದು ಸಾರಿದ್ದ ಆ ಊರಿನ ಸುಮಾರು 8 ಸಾವಿರ ಗಂಡಸರು, ಹುಡುಗರು ಕೊಲೆಯಾದರು. 1999ರಲ್ಲಿ ಕೊಸೊವೊ ಜನರನ್ನು ಕಾಪಾಡುತ್ತೇವೆಂದು ನ್ಯಾಟೊ ಭದ್ರತಾ ಮಂಡಳಿಯ ಒಪ್ಪಿಗೆ ಪಡೆಯದೆ 78 ದಿನ ಬಾಂಬ್ ಸುರಿಯಿತು. ಒಂದು ಕಡೆ ಕೈಕಟ್ಟಿ ಕೂತ ತಪ್ಪು, ಇನ್ನೊಂದು ಕಡೆ ಕಾನೂನು ಮೀರಿದ ತಪ್ಪು. ರುವಾಂಡಾ ಕಾಲದಲ್ಲಿ ಶಾಂತಿಪಾಲನಾ ವಿಭಾಗದ ಮುಖ್ಯಸ್ಥರಾಗಿದ್ದು, ಆಮೇಲೆ ಮಹಾಕಾರ್ಯದರ್ಶಿಯಾದ ಕೋಫಿ ಅನ್ನಾನ್, ಎರಡನ್ನೂ ತಪ್ಪಿಸುವ ದಾರಿ ಯಾವುದೆಂದು ಸದಸ್ಯ ದೇಶಗಳನ್ನು ಕೇಳಿದರು.

ಉತ್ತರ ಹುಡುಕಲು ಕೆನಡಾ ಸರ್ಕಾರ 2000ದಲ್ಲಿ ಆಯೋಗವೊಂದನ್ನು ರಚಿಸಿತು. ಆಸ್ಟ್ರೇಲಿಯಾದ ಗ್ಯಾರೆತ್ ಇವಾನ್ಸ್, ಅಲ್ಜೀರಿಯಾದ ಮೊಹಮದ್ ಸಹನೂನ್ ಅದರ ಸಹ ಅಧ್ಯಕ್ಷರು. ಭಾರತ ಮೂಲದ ವಿದ್ವಾಂಸ ರಮೇಶ್ ಠಾಕೂರ್ ಒಬ್ಬ ಸದಸ್ಯರು. ಆಯೋಗದ ದುಂಡುಮೇಜಿನ ಸಭೆ ದೆಹಲಿಯಲ್ಲೂ ನಡೆಯಿತು. ಮಧ್ಯಪ್ರವೇಶ ಯಾರ ಹಕ್ಕು ಎಂಬ ಜಗಳ ಬಿಟ್ಟು, ಜನರನ್ನು ಕಾಪಾಡುವುದು ಯಾರ ಹೊಣೆ ಎಂದು ಆಯೋಗ ಕೇಳಿತು. ಮೊದಲ ಹೊಣೆ ಆಯಾ ಸರ್ಕಾರದ್ದು. ಅದು ಕೈಚೆಲ್ಲಿದರೆ ಅಥವಾ ತಾನೇ ಕೊಲ್ಲಲು ನಿಂತರೆ ಜಗತ್ತಿನದ್ದು. ಸೇನೆ ಕೊನೆಯ ಉಪಾಯ, ಅದಕ್ಕೂ ಬಿಗಿಯಾದ ಅಳತೆಗಳಿರಬೇಕು. ಜೊತೆಗೆ ಒಂದು ದಿಟ್ಟ ಸಲಹೆ: ತಮ್ಮ ಜೀವನ್ಮರಣದ ಹಿತಾಸಕ್ತಿ ಇಲ್ಲದ ಕಡೆ ಭದ್ರತಾ ಮಂಡಳಿಯ ಐದು ಕಾಯಂ ಸದಸ್ಯ ರಾಷ್ಟ್ರಗಳು ವೀಟೊ ಬಳಸಬಾರದು.

2005ರ ವಿಶ್ವ ಶೃಂಗಸಭೆ ‘ಕಾಪಾಡುವ ಹೊಣೆ’ (ರೆಸ್ಪಾನ್ಸಿಬಿಲಿಟಿ ಟು ಪ್ರೊಟೆಕ್ಟ್, ಚುಟುಕಾಗಿ ‘ಆರ್‌ಟುಪಿ’) ಎಂಬ ಈ ತತ್ವವನ್ನು ಒಪ್ಪಿ, ನರಮೇಧ, ಯುದ್ಧಾಪರಾಧ, ಜನಾಂಗೀಯ ನಿರ್ಮೂಲನೆ, ಮಾನವೀಯತೆಯ ವಿರುದ್ಧದ ಅಪರಾಧ ಎಂಬ ನಾಲ್ಕಕ್ಕೆ ಸೀಮಿತಗೊಳಿಸಿತು. ಆದರೆ ಆಯೋಗದ ಅಳತೆಗಳು ಮತ್ತು ವೀಟೊ ಸಂಯಮದ ಸಲಹೆ ಅಂತಿಮ ಕರಡಿನಿಂದ ಮಾಯವಾದವು. ಮುಂದಿನ ಎಡವಟ್ಟುಗಳ ಬೇರು ಇಲ್ಲಿಯೇ ಇದೆ.

ಬಂದೂಕಿಲ್ಲದೆ ಕೆಲಸ ಆಗಿದ್ದೂ ಉಂಟು. 2007ರ ಚುನಾವಣೆಯ ನಂತರ ಕೀನ್ಯಾದಲ್ಲಿ ಗಲಭೆ ಎದ್ದು ಸಾವಿರಕ್ಕೂ ಹೆಚ್ಚು ಜನ ಸತ್ತಾಗ, ಅನ್ನಾನ್ ನೈರೋಬಿಯಲ್ಲಿ ಬೀಡುಬಿಟ್ಟು ಅಧ್ಯಕ್ಷ ಕಿಬಾಕಿ, ಪ್ರತಿಪಕ್ಷದ ನಾಯಕ ಒಡಿಂಗಾ ನಡುವೆ ಅಧಿಕಾರ ಹಂಚಿಕೆಯ ಒಪ್ಪಂದ ಮಾಡಿಸಿದರು. ಲಿಬಿಯಾದಲ್ಲಿ ಕಥೆ ಬೇರೆಯಾಯಿತು. 2011ರ ಮಾರ್ಚ್ 17ರಂದು ಸರ್ವಾಧಿಕಾರಿ ಗಡಾಫಿಯ ಸೇನೆಯಿಂದ ಬೆಂಗಾಜಿಯ ಜನರನ್ನು ಉಳಿಸಲು ಬಲಪ್ರಯೋಗಕ್ಕೆ ಭದ್ರತಾ ಮಂಡಳಿ ಅನುಮತಿ ಕೊಟ್ಟಿತು. ಭಾರತ ಸೇರಿ ಐದು ದೇಶಗಳು ಮತದಾನದಿಂದ ದೂರ ಉಳಿದವು. ಜನರಕ್ಷಣೆಗೆಂದು ಹೊರಟ ನ್ಯಾಟೊ ವಿಮಾನಗಳು ಗಡಾಫಿಯ ಪತನದವರೆಗೂ ನಿಲ್ಲಲಿಲ್ಲ. ಆಮೇಲೆ ಲಿಬಿಯಾ ಅಂತರ್ಯುದ್ಧಕ್ಕೆ ಜಾರಿತು. ಮೋಸ ಹೋದೆವು ಎಂದ ರಷ್ಯಾ ಮತ್ತು ಚೀನಾ ಸಿರಿಯಾ ವಿಷಯದಲ್ಲಿ ಮತ್ತೆ ಮತ್ತೆ ವೀಟೊ ಹಾಕಿದವು. ಲಿಬಿಯಾದ ಅತಿರೇಕಕ್ಕೆ ಬೆಲೆ ತೆತ್ತವರು ಸಿರಿಯಾದ ಜನ.

2021ರಲ್ಲಿ ಮ್ಯಾನ್ಮಾರ್ ಸೇನೆ ಗುಂಡು ಹಾರಿಸುತ್ತಿದ್ದಾಗ ಯಾಂಗೂನಿನ ಯುವಜನರು ‘ಆರ್‌ಟುಪಿ’ ಎಂದು ಬರೆದ ಫಲಕ ಹಿಡಿದು ಬೀದಿಗಿಳಿದರು. ಯಾರೂ ಬರಲಿಲ್ಲ.

ತತ್ವದಲ್ಲಿ ದೋಷವಿಲ್ಲ, ಅದನ್ನು ಜಾರಿಗೆ ತರುವ ಅಧಿಕಾರ ಐದು ದೇಶಗಳ ಮರ್ಜಿಗೆ ಬಿಟ್ಟದ್ದೇ ದೋಷ. ಸಾಮೂಹಿಕ ಹತ್ಯೆಗಳ ಸಂದರ್ಭದಲ್ಲಿ ವೀಟೊ ಕೈಬಿಡೋಣ ಎಂದು ಫ್ರಾನ್ಸ್ ಮತ್ತು ಮೆಕ್ಸಿಕೊ 2015ರಲ್ಲಿ ಮುಂದಿಟ್ಟ ಘೋಷಣೆಯನ್ನು ನೂರಕ್ಕೂ ಹೆಚ್ಚು ದೇಶಗಳು ಬೆಂಬಲಿಸಿವೆ. ಅಮೆರಿಕ, ರಷ್ಯಾ, ಚೀನಾ ಅದಕ್ಕೆ ಸಹಿ ಹಾಕಿಲ್ಲ.