ನೆಲದೊಳಗಿನ ಕಿಟಕಿಯೂ ಅವ್ವನ ಪ್ರಶ್ನೆಯೂ

ಅರಸೀಕೆರೆ ಎಂದೊಡನೆ ಬಹುತೇಕರಿಗೆ ನೆನಪಾಗುವುದು ಹಾಸನ ಜಿಲ್ಲೆಯ ರೈಲ್ವೆ ಜಂಕ್ಷನ್. ನನ್ನ ಅರಸೀಕೆರೆ ಅದಲ್ಲ, ಹರಪನಹಳ್ಳಿ ತಾಲ್ಲೂಕಿನದು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಸೇರಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾದ ಸೀಮೆ ಅದು. ಜಿಲ್ಲೆಗಳು ಬದಲಾದರೂ ಅವ್ವ ಊರಲ್ಲಿದ್ದಷ್ಟು ಕಾಲ ನಮ್ಮ ಮಾಳಿಗೆ ಮನೆಯ ಒಂದು ಪದ್ಧತಿ ಬದಲಾಗಲಿಲ್ಲ. ರೋಹಿಣಿ ಮಳೆಗೆ ಮುನ್ನ ಮಾಳಿಗೆಯ ಮೇಲೆ ಚೌಳು ಮಣ್ಣು ಹರಡಲೇಬೇಕಿತ್ತು.

ಮೊಣಕಾಲು ನೋವಿನ ಅವ್ವ ಮೆಟ್ಟಿಲು ಹತ್ತಲಾರದವಳಾದಾಗ ಅವಳನ್ನು ಬೆಂಗಳೂರಿಗೆ ಕರೆತಂದೆ. ನಮ್ಮ ಮನೆಯ ವಾಸವೆಲ್ಲ ಮಹಡಿಯ ಮೇಲೆ. ಹೀಗಾಗಿ ಇಳಿಜಾರು ದಾರಿಯಿದ್ದ ನೆಲಮಾಳಿಗೆಯ ಕೋಣೆಯೇ ಅವಳಿಗೆ ಅನುಕೂಲವೆಂದು ಭಾವಿಸಿದೆವು. ಬೆಳಕಿಗಾಗಿ ಅಲ್ಲೊಂದು ಕಿಟಕಿಯಿದೆ. ಅದು ನೆಲಮಟ್ಟಕ್ಕಿಂತ ಕೆಳಗಿರುವುದರಿಂದ ಹೊರಗೆ ಗೋಡೆಗೆ ತಾಗಿದಂತೆ ತೊಟ್ಟಿಯಂಥ ಗುಂಡಿ ಬಿಟ್ಟಿದ್ದಾರೆ. ಬಂದ ಮೊದಲ ದಿನವೇ ಅವ್ವ ಆ ಗುಂಡಿಯನ್ನು ನೋಡಿ, 'ಇಲ್ಲಿ ಬಿದ್ದ ನೀರು ಹೋಗಾಕ ದಾರಿ ಎಲ್ಲಿ ಇಟ್ಟೀರಪಾ?' ಎಂದು ಕೇಳಿದಳು. ನಾನು ನಕ್ಕು ಸುಮ್ಮನಾದೆ.

ಉತ್ತರ ಕೊಟ್ಟದ್ದು ಮಳೆ. ಒಂದು ರಾತ್ರಿ ಗುಂಡಿ ತುಂಬಿ, ಕಿಟಕಿಯ ಚೌಕಟ್ಟಿನ ಸಂದಿನಿಂದ ನೀರು ಒಳನುಗ್ಗಿತು. ನಾವು ಕೆಳಗಿಳಿಯುವ ಹೊತ್ತಿಗೆ ಅವ್ವ ಮಂಚದ ಮೇಲೆ ಕಾಲು ಮಡಚಿ ಕುಳಿತಿದ್ದಳು. ವಿದ್ಯುತ್ ಪ್ಲಗ್ಗಿಗೂ ನೀರಿಗೂ ಗೇಣಿನ ಅಂತರವಿತ್ತು. 2024ರ ಜುಲೈ 27ರಂದು ದೆಹಲಿಯ ಹಳೇ ರಾಜಿಂದರ್ ನಗರದಲ್ಲಿ ಕೋಚಿಂಗ್ ಕೇಂದ್ರವೊಂದರ ನೆಲಮಾಳಿಗೆಗೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಮೃತಪಟ್ಟ ಸುದ್ದಿ ಅಂದು ನನ್ನನ್ನು ನಿದ್ರಿಸಗೊಡಲಿಲ್ಲ.

ಮರುದಿನ ಬಂದ ಗುತ್ತಿಗೆದಾರರು ಒಳಗೋಡೆಗೆ ದುಬಾರಿ ರಾಸಾಯನಿಕ ಬಳಿದರು. ಮುಂದಿನ ಮಳೆಗೆ ಅದು ಹಪ್ಪಳದಂತೆ ಎದ್ದುಬಂತು. ಇದರಲ್ಲಿ ಆಶ್ಚರ್ಯವೇನಿಲ್ಲ. ಒಂದು ಮೀಟರ್ ಆಳ ನಿಂತ ನೀರು ತಳದ ಪ್ರತಿ ಚದರ ಮೀಟರಿನ ಮೇಲೆ ಒಂದು ಟನ್ ಭಾರ ಹೇರುತ್ತದೆ. ಪಕ್ಕದ ಗೋಡೆಯನ್ನೂ ಅದು ಆಳಕ್ಕೆ ತಕ್ಕಂತೆ ಒತ್ತುತ್ತದೆ. ಹೊರಗಿನ ಲೇಪವನ್ನು ಆ ಒತ್ತಡ ಗೋಡೆಗೆ ಅದುಮಿದರೆ, ಒಳಗಿನ ಲೇಪವನ್ನು ಗೋಡೆಯಿಂದ ಕೀಳುತ್ತದೆ. ನೀರು ನಿಲ್ಲುವವರೆಗೂ ಯಾವ ಲೇಪವೂ ಪೂರ್ಣ ಪರಿಹಾರವಲ್ಲ.

ಆಗ ನೆನಪಾದದ್ದು ಊರಿನ ಮಾಳಿಗೆ. ಅದರ ನಡುವೆಯೂ ಒಂದು ಬೆಳಕಿಂಡಿಯಿತ್ತು. ಆಕಾಶಕ್ಕೇ ತೆರೆದ ಕಿಂಡಿಯಾದರೂ ಅದು ಸೋರುತ್ತಿರಲಿಲ್ಲ. ಸುತ್ತಲೂ ಗೇಣೆತ್ತರದ ಕಟ್ಟೆ, ಮಳೆ ಬಂದಾಗ ಮುಚ್ಚಲು ತಗಡು, ಕಿಂಡಿಯಿಂದ ದೂರಕ್ಕೆ ಇಳಿಜಾರು, ಕೊನೆಯಲ್ಲಿ ನೀರು ಧುಮುಕಲು ದೋಣಿ. ಮೇಲೆ ಹರಡುತ್ತಿದ್ದ ಚೌಳು ಮಣ್ಣಿನಲ್ಲಿ ಸೋಡಿಯಂ ಅಂಶ ಹೆಚ್ಚು. ಒದ್ದೆಯಾದೊಡನೆ ಅದರ ಜೇಡಿಕಣಗಳು ಬಿಡಿಬಿಡಿಯಾಗಿ ಹರಡಿ, ಉಬ್ಬಿ, ರಂಧ್ರಗಳನ್ನು ಮುಚ್ಚುತ್ತವೆ. ಬೆಳೆಗೆ ಬಾರದ ಮಣ್ಣು ಮನೆಗೆ ಬರುತ್ತಿತ್ತು. ಇಂದು ನೆಲಮಾಳಿಗೆಗಳ ಹೊರಗೋಡೆಗೆ ಬಳಸುವ ಸೋಡಿಯಂ ಬೆಂಟೊನೈಟ್ ಜೇಡಿಯ ಹಾಳೆಗಳು ಮಾಡುವುದೂ ಇಂಥದೇ ಕೆಲಸ.

ಆ ಮಾಳಿಗೆಯನ್ನು ವೈಭವೀಕರಿಸುವ ಉದ್ದೇಶ ನನಗಿಲ್ಲ. ಒಂದು ವರ್ಷ ಆರೈಕೆ ತಪ್ಪಿದರೂ ಅದು ನೀರು ಕುಡಿದು ಭಾರವಾಗುತ್ತದೆ. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಆರಂಭದ ಮಳೆ, ಪ್ರವಾಹಕ್ಕೆ ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತಾಗ ಉತ್ತರ ಕರ್ನಾಟಕದ ಎಷ್ಟೋ ಮಣ್ಣಿನ ಮನೆಗಳು ಕುಸಿದಿದ್ದವು. ಪಾಠ ಇರುವುದು ಮಣ್ಣಿನಲ್ಲಲ್ಲ, ಕ್ರಮದಲ್ಲಿ. ಮೊದಲು ನೀರನ್ನು ದೂರ ಸಾಗಿಸು, ಬಳಿಕ ಬಂದ ನೀರಿಗೆ ದಾರಿ ಬಿಡು, ಕೊನೆಗೆ ಸಂದುಗಳನ್ನು ಮುಚ್ಚು.

ನಾವೂ ಅದನ್ನೇ ಅನುಸರಿಸಿದೆವು. ಗುಂಡಿಯ ಅಂಚನ್ನು ಅಂಗಳಕ್ಕಿಂತ ಆರು ಅಂಗುಲ ಎತ್ತರಿಸಿದೆವು. ಮನೆಯ ಕಡೆಗೇ ಇಳಿಜಾರಾಗಿದ್ದ ಟೈಲ್ಸ್ ಕಿತ್ತು ಹೊರಮುಖ ಮಾಡಿಸಿದೆವು. ತಾರಸಿ ನೀರಿನ ಪೈಪನ್ನು ಅಲ್ಲಿಂದ ದೂರ ಸರಿಸಿದೆವು. ಗುಂಡಿಯ ತಳದಲ್ಲಿ ಜಲ್ಲಿ ತುಂಬಿ, ರಂಧ್ರವಿರುವ ಪೈಪ್ ಹೂಳಿ, ಗೋಡೆಯಿಂದ ದೂರದಲ್ಲಿ ತಗ್ಗಿನಲ್ಲಿರುವ ಇಂಗುಗುಂಡಿಗೆ ಜೋಡಿಸಿದೆವು. ಒಳಚರಂಡಿಗೆ ಜೋಡಿಸಲಿಲ್ಲ, ಏಕೆಂದರೆ ಭಾರಿ ಮಳೆಯಲ್ಲಿ ಅದೇ ಹಿಮ್ಮೊಗವಾಗಿ ಹರಿಯುವ ಭಯವಿದೆ. ಇದೆಲ್ಲ ಆದ ಮೇಲೆ ಗೋಡೆಗೆ ಹೊರಗಿನಿಂದ ಲೇಪ, ಚೌಕಟ್ಟಿನ ಸಂದಿಗೆ ಸೀಲೆಂಟ್, ಮೇಲೆ ಪಾರದರ್ಶಕ ಮುಚ್ಚಳ. ಈಗ ಪ್ರತಿ ಮೇ ತಿಂಗಳಲ್ಲಿ ಗುಂಡಿಯ ಕಸ ತೆಗೆಯುವುದು ನನ್ನ ಕೆಲಸ.

ಅವ್ವನನ್ನು ಮಾತ್ರ ಮತ್ತೆ ಕೆಳಗೆ ಮಲಗಿಸಲಿಲ್ಲ. ರಾತ್ರಿ ನೀರು ಬಂದರೆ ತಾನಾಗಿ ಎದ್ದು ಹೊರಬರಲಾರದವರ ವಾಸಕ್ಕೆ ನೆಲಮಾಳಿಗೆ ತಕ್ಕುದಲ್ಲ ಎಂಬುದು ನನಗೆ ತಡವಾಗಿ ಹೊಳೆದ ಸತ್ಯ. ಮಹಾನಗರದಲ್ಲಿ ಅಂಗುಲ ಅಂಗುಲ ನೆಲಕ್ಕೂ ಕಲ್ಲುಹಾಸು ಹಾಕಿ, ಭೂಮಿಯೊಳಗೂ ಕೋಣೆ ಕಟ್ಟುವ ನಾವು, ನಕ್ಷೆಗೆ ಸಹಿ ಹಾಕುವ ಮುನ್ನ ನಮ್ಮನ್ನು ನಾವೇ ಅವ್ವನ ಆ ಪ್ರಶ್ನೆ ಕೇಳಿಕೊಳ್ಳಬೇಕು. ಬಿದ್ದ ನೀರಿಗೆ ದಾರಿ ಎಲ್ಲಿ?