ಆಳಂದ, ಅಫಜಲಪುರ, ಜೇವರ್ಗಿ: ಭೀಮಾತೀರದ ಐತಿಹಾಸಿಕ ನೆಲೆಗಳು ಮತ್ತು ಅವುಗಳ ದಾಖಲೀಕರಣ

ಕಲಬುರಗಿ ಜಿಲ್ಲೆಯ ಪ್ರೇಕ್ಷಣೀಯ ಸ್ಥಳಗಳನ್ನು ಹೆಸರಿಸುವಾಗ ಬಹಮನಿ ಅರಸರ ಕೋಟೆ, ಖಾಜಾ ಬಂದೇನವಾಜರ ದರ್ಗಾ, ಸನ್ನತಿಯ ಬೌದ್ಧ ಅವಶೇಷಗಳು ಹಾಗೂ ಮಳಖೇಡದ ಕೋಟೆಗಳು ಮೊದಲು ನೆನಪಿಗೆ ಬರುತ್ತವೆ. ಜಿಲ್ಲೆಯ ಪಶ್ಚಿಮ ಮತ್ತು ದಕ್ಷಿಣ ಭಾಗದ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಗೆ ಇಂತಹ ಪಟ್ಟಿಗಳಲ್ಲಿ ದೊರೆಯುವ ಸ್ಥಾನ ಅಲ್ಪವಾದುದು. ಗಾಣಗಾಪುರವೊಂದು ಇದಕ್ಕೆ ಅಪವಾದ. ಅರಮನೆ, ಕೋಟೆ, ಭವ್ಯ ಗೋಪುರಗಳನ್ನು ಅರಸಿ ಬರುವವರಿಗೆ ಇಲ್ಲಿ ಕಾಣುವುದು ಕಡಿಮೆಯೆಂಬುದು ನಿಜ. ಆದರೆ ಈ ನೆಲೆಗಳ ಚರಿತ್ರೆ ಕಟ್ಟಡಗಳಿಗಿಂತ ಹೆಚ್ಚಾಗಿ ಅಲ್ಲಿಗೆ ನಡೆದು ಬಂದ ಜನರಲ್ಲಿದೆ, ಅವರು ಆಡಿದ ಹಲವು ಭಾಷೆಗಳಲ್ಲಿದೆ. ಒಂದು ಭಾಷೆಯ ಅಥವಾ ಒಂದು ಪಂಥದ ಆಕರವನ್ನು ಮಾತ್ರ ನಂಬಿ ಇವುಗಳನ್ನು ವಿವರಿಸಹೊರಟರೆ ಅರ್ಧ ಚರಿತ್ರೆಯೇ ಕೈತಪ್ಪುತ್ತದೆ.

ಆಳಂದವು ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ 'ಅಳಂದೆ ಸಾಸಿರ'ವೆಂಬ ಆಡಳಿತ ವಿಭಾಗದ ಕೇಂದ್ರವಾಗಿ ಕಾಣಿಸಿಕೊಳ್ಳುತ್ತದೆ. ತಾಲ್ಲೂಕಿನ ನರೋಣಾದ ಕ್ಷೇಮಲಿಂಗೇಶ್ವರ ದೇವಾಲಯ ಈ ನಾಡಿನ ಹಳೆಯ ಶೈವ ನೆಲೆಗಳಲ್ಲೊಂದು. ಆದರೆ ಇಂದಿನ ಆಳಂದಕ್ಕೆ ದೂರದ ಜನರನ್ನು ಕರೆತರುವುದು ಲಾಡ್ಲೆ ಮಶಾಕರೆಂದು ಪ್ರಸಿದ್ಧರಾದ ಹಜರತ್ ಅಲಾವುದ್ದೀನ ಅನ್ಸಾರಿಯವರ ದರ್ಗಾ. ಅದೇ ಆವರಣದಲ್ಲಿ ರಾಘವ ಚೈತನ್ಯರ ಹೆಸರಿನೊಡನೆ ಕೂಡಿಕೊಂಡ ಶಿವಲಿಂಗವೂ ಇದೆ. ರಾಘವ ಚೈತನ್ಯ, ಕೇಶವ ಚೈತನ್ಯ, ಬಾಬಾಜಿ ಚೈತನ್ಯ ಎಂಬ ಗುರುಪರಂಪರೆಯಲ್ಲಿಯೇ ಮುಂದೆ ಸಂತ ತುಕಾರಾಮರು ಬರುತ್ತಾರೆ. ತುಕಾರಾಮರ ಶಿಷ್ಯೆಯಾದ ಬಹಿಣಾಬಾಯಿ ತನ್ನ ಅಭಂಗಗಳಲ್ಲಿ ಈ ಪರಂಪರೆಯನ್ನು ಹೇಳಿಕೊಂಡಿದ್ದಾಳೆ. ಮರಾಠಿ ವಾರಕರಿ ಪಂಥದ ಒಂದು ಬೇರು ಕನ್ನಡನಾಡಿನ ಸೂಫಿ ಕೇಂದ್ರವೊಂದರ ಅಂಗಳದಲ್ಲಿರುವುದು ಕನ್ನಡ ಸಂಶೋಧನೆಯಲ್ಲಿ ಇನ್ನೂ ಸಾಕಷ್ಟು ಚರ್ಚೆಗೆ ಒಳಗಾಗಿಲ್ಲ.

ಈ ಸಹನೆಲೆ ಇತ್ತೀಚಿನ ವರ್ಷಗಳಲ್ಲಿ ವಿವಾದಕ್ಕೂ ಗುರಿಯಾಗಿದೆ. 2022ರ ಮಾರ್ಚ್ 1ರ ಶಿವರಾತ್ರಿಯಂದು ಪಟ್ಟಣದಲ್ಲಿ ಘರ್ಷಣೆ ನಡೆಯಿತು. 2023ರ ಶಿವರಾತ್ರಿಯ ಸಂದರ್ಭದಲ್ಲಿ ಹೈಕೋರ್ಟಿನ ಕಲಬುರಗಿ ಪೀಠವು 15 ಜನರಿಗೆ ಮಾತ್ರ ಪೂಜೆ ಸಲ್ಲಿಸಲು ಅವಕಾಶ ನೀಡಿತು. ಇಂತಹ ಸ್ಥಳವನ್ನು ಒಂದು ಕೈಪಿಡಿಯಲ್ಲಿ 'ದರ್ಗಾ' ಎಂದಷ್ಟೇ ಬರೆಯುವುದೂ, ಮತ್ತೊಂದರಲ್ಲಿ 'ಸಮಾಧಿ' ಎಂದಷ್ಟೇ ಬರೆಯುವುದೂ ಕೇವಲ ಪದದ ಆಯ್ಕೆಯಾಗಿ ಉಳಿಯುವುದಿಲ್ಲ. ಮುದ್ರಿತ ವಿವರಣೆ ನಾಳೆ ಸಾಕ್ಷ್ಯವಾಗುತ್ತದೆ. ಆದುದರಿಂದ ಎರಡೂ ಪರಂಪರೆಗಳ ಹೇಳಿಕೆಗಳನ್ನು ಅವರವರ ಆಕರದೊಡನೆ ಪಕ್ಕಪಕ್ಕದಲ್ಲಿ ದಾಖಲಿಸುವುದೊಂದೇ ಸಂಶೋಧಕನಿಗೆ ಉಳಿಯುವ ಪ್ರಾಮಾಣಿಕ ಮಾರ್ಗ.

ಆಳಂದದಿಂದ ಕಲಬುರಗಿಗೆ ಹೋಗುವ ದಾರಿಯಲ್ಲಿರುವ ಕಡಗಂಚಿ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯದಿಂದಾಗಿ ಈಗ ಪರಿಚಿತವಾಗಿದೆ. ದತ್ತ ಸಂಪ್ರದಾಯದವರಿಗೆ ಈ ಊರು ಬಹಳ ಹಿಂದಿನಿಂದಲೂ ಬೇರೊಂದು ಕಾರಣಕ್ಕೆ ಗೊತ್ತು. ಶ್ರೀ ನೃಸಿಂಹ ಸರಸ್ವತಿಯವರ ಶಿಷ್ಯ ಸಾಯಂದೇವ ಇಲ್ಲಿಯವನು. ಅವನ ವಂಶಜನಾದ ಸರಸ್ವತಿ ಗಂಗಾಧರ 'ಗುರುಚರಿತ್ರೆ'ಯನ್ನು ಮರಾಠಿಯಲ್ಲಿ ರಚಿಸಿದನು. ತನಗೆ ಮರಾಠಿ ಬಾರದೆಂದು ಆತನೇ ಗ್ರಂಥದಲ್ಲಿ ಒಪ್ಪಿಕೊಂಡಿದ್ದಾನೆ. 41ನೆಯ ಅಧ್ಯಾಯದಲ್ಲಿ ಸಾಯಂದೇವನ ಬಾಯಲ್ಲಿ ಕನ್ನಡದ ಪದಗಳೇ ಬರುತ್ತವೆ. ಮಹಾರಾಷ್ಟ್ರದ ಮನೆಮನೆಗಳಲ್ಲಿ ಸಪ್ತಾಹ ಪಾರಾಯಣ ಮಾಡುವವರು ಇಂದಿಗೂ ಆ ಕನ್ನಡ ಸಾಲುಗಳನ್ನು ತಮ್ಮದೇ ಉಚ್ಚಾರಣೆಯಲ್ಲಿ ಓದಿ ಮುಂದೆ ಸಾಗುತ್ತಾರೆ.

ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರವು ಭೀಮಾ ಮತ್ತು ಅಮರ್ಜಾ ನದಿಗಳು ಕೂಡುವ ಕ್ಷೇತ್ರ. 15ನೆಯ ಶತಮಾನದಲ್ಲಿ ನೃಸಿಂಹ ಸರಸ್ವತಿಯವರು ತಮ್ಮ ಬಾಳಿನ ಉತ್ತರಾರ್ಧದ ಹಲವು ವರ್ಷಗಳನ್ನು ಇಲ್ಲಿ ಕಳೆದರು. ಸಂಗಮದ ಔದುಂಬರ ವೃಕ್ಷ, ಭಸ್ಮದ ಗುಡ್ಡ, ಅಷ್ಟತೀರ್ಥಗಳು, ಊರೊಳಗಿನ ಮಠದ ನಿರ್ಗುಣ ಪಾದುಕೆಗಳು ಯಾತ್ರಿಕರ ದರ್ಶನದ ಕ್ರಮದಲ್ಲಿ ಬರುತ್ತವೆ. ಪಾದುಕೆಗಳನ್ನು ಚಿಕ್ಕ ಕಿಂಡಿಯೊಂದರ ಮೂಲಕ ಕಾಣಬೇಕು. ಇಲ್ಲಿ ಗಮನಿಸಬೇಕಾದುದು ನೋಟಕ್ಕಿಂತ ಆಚರಣೆ. ಮಧ್ಯಾಹ್ನದ ಹೊತ್ತಿಗೆ ದತ್ತನು ಇಲ್ಲಿ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆಯಿಂದ ಉಳ್ಳವರೂ ಜೋಳಿಗೆ ಹಿಡಿದು ಮಾಧುಕರಿ ಬೇಡುತ್ತಾರೆ, ಇತರರು ನೀಡುತ್ತಾರೆ. ಊರಿಗೆ ಬಂದವನು ನೋಡುಗನಾಗಿ ಉಳಿಯದೆ ಭಿಕ್ಷುಕನಾಗುವ ಈ ಪದ್ಧತಿ 'ಪ್ರವಾಸಿ' ಎಂಬ ಪದಕ್ಕೆ ಸುಲಭವಾಗಿ ಒಗ್ಗುವಂಥದಲ್ಲ.

ಗುರುಚರಿತ್ರೆಯ ಕೊನೆಯ ಭಾಗದಲ್ಲಿ ಬಿದರೆಯ ಮುಸ್ಲಿಂ ಅರಸನೊಬ್ಬನ ತೊಡೆಯ ಹುಣ್ಣನ್ನು ಗುರುಗಳು ವಾಸಿಮಾಡಿದ ಪ್ರಸಂಗವಿದೆ. ಆ ಅರಸ ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ ಅಹಮದ್ (ಆಳ್ವಿಕೆ 1436–1458) ಇರಬೇಕೆಂಬುದು ಕೆಲವು ವಿದ್ವಾಂಸರ ಊಹೆ. ಕಥೆಯ ಸತ್ಯಾಸತ್ಯತೆ ಏನೇ ಇರಲಿ, ಒಬ್ಬ ಯತಿ ಮತ್ತು ಒಬ್ಬ ಸುಲ್ತಾನನನ್ನು ಗುರು-ಶಿಷ್ಯರಾಗಿ ಕಲ್ಪಿಸಿಕೊಳ್ಳುವುದು ಆ ಕಾಲದ ಭಕ್ತರಿಗೆ ಅಸಹಜವೆನಿಸಿರಲಿಲ್ಲ. ತಮ್ಮ ಖ್ಯಾತಿ ಹಬ್ಬಿ ಎಲ್ಲ ಬಗೆಯ ಜನ ಬರತೊಡಗುವರೆಂದೇ ಗುರುಗಳು ಅಲ್ಲಿಂದ ಶ್ರೀಶೈಲದತ್ತ ಹೊರಟರೆಂದು ಅದೇ ಗ್ರಂಥ ಸೂಚಿಸುತ್ತದೆ. ಜನಜಂಗುಳಿಯ ಸಮಸ್ಯೆ ಗಾಣಗಾಪುರಕ್ಕೆ ಹೊಸದಲ್ಲವೆಂದಾಯಿತು.

ಯಾತ್ರಿಕರು ಅಕ್ಕಲಕೋಟೆ, ತುಳಜಾಪುರ, ಪಂಢರಪುರಗಳನ್ನು ಗಾಣಗಾಪುರದೊಡನೆ ಸೇರಿಸಿ ಒಂದೇ ಯಾತ್ರೆಯಲ್ಲಿ ಮುಗಿಸುವುದುಂಟು. ಸೊಲ್ಲಾಪುರ–ವಾಡಿ ರೈಲುಮಾರ್ಗದ ಗಾಣಗಾಪುರ ರಸ್ತೆ ನಿಲ್ದಾಣ ಈ ಸಂಚಾರಕ್ಕೆ ನೆರವಾಗಿದೆ. 1956ರ ರಾಜ್ಯ ಪುನರ್ವಿಂಗಡಣೆ ಎಳೆದ ಗಡಿ ಈ ದಾರಿಯನ್ನು ಕಡಿದಿಲ್ಲ. ಆದರೆ ಪ್ರವಾಸೋದ್ಯಮದ ಕೈಪಿಡಿಗಳು ಸಾಮಾನ್ಯವಾಗಿ ರಾಜ್ಯದ ಗಡಿಗೆ ಬಂದು ನಿಂತುಬಿಡುತ್ತವೆ. ಅದೇ ತಾಲ್ಲೂಕಿನ ಘತ್ತರಗಿಯ ಭಾಗ್ಯವಂತಿ ದೇವಿಯ ಕ್ಷೇತ್ರ ಭೀಮೆಯ ದಂಡೆಯಲ್ಲೇ ಇದೆ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಜಲಾಶಯಗಳಿಂದ ಹರಿದುಬಂದ ನೀರು ಈ ತೀರದ ಗ್ರಾಮಗಳನ್ನೂ ಗಾಣಗಾಪುರದ ಸಂಗಮವನ್ನೂ ಮುಳುಗಿಸಿತು. ನದಿತೀರದ ವೀರಗಲ್ಲು, ಶಾಸನ, ಬಿಡಿಶಿಲ್ಪಗಳ ಸ್ಥಿತಿಯನ್ನು ಪ್ರತಿ ಪ್ರವಾಹದ ನಂತರ ಮರುಪರಿಶೀಲಿಸುವ ಕೆಲಸ ವ್ಯವಸ್ಥಿತವಾಗಿ ಆಗಬೇಕಾಗಿದೆ. ಪಿ.ಬಿ. ದೇಸಾಯಿಯವರು ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನಸಂಪುಟವನ್ನು 1958ರಲ್ಲಿ ಹೊರತಂದುದರಿಂದ ಪಾಠಗಳೇನೋ ಉಳಿದವು. ಕಲ್ಲುಗಳ ಪಾಲನೆ ಬೇರೆಯೇ ಕೆಲಸ.

ಭೀಮೆಯನ್ನು ಕಟ್ಟಿಸಂಗಾವಿಯ ಸೇತುವೆಯಲ್ಲಿ ದಾಟಿದರೆ ಜೇವರ್ಗಿ ಸೀಮೆ. 'ಅಖಂಡೇಶ್ವರ' ಅಂಕಿತದಲ್ಲಿ ಏಳುನೂರಕ್ಕೂ ಮಿಗಿಲಾದ ವಚನಗಳನ್ನು ರಚಿಸಿದ ಷಣ್ಮುಖ ಶಿವಯೋಗಿಗಳ ಮಠ ಜೇವರ್ಗಿ ಪಟ್ಟಣದಲ್ಲಿದೆ. ಬಸವೋತ್ತರ ಯುಗದ ವಚನರಚನೆಯನ್ನು 17ನೆಯ ಶತಮಾನದಲ್ಲಿ ಇಷ್ಟು ಸಮೃದ್ಧವಾಗಿ ಮುಂದುವರಿಸಿದವರು ವಿರಳ. ಕಲಬುರಗಿಯ ಶರಣಬಸವೇಶ್ವರ ದೇವಾಲಯಕ್ಕೆ ಸಾವಿರಾರು ಭಕ್ತರು ಬರುತ್ತಾರೆ. ಆ ಶರಣರು (1746–1822) ಹುಟ್ಟಿ ಒಕ್ಕಲುತನ ಮಾಡಿದ ಅರಳಗುಂಡಗಿಗೆ ಹೋಗುವವರು ಅವರಲ್ಲಿ ಕೆಲವರೇ.

ಕಡಕೋಳ ಮಡಿವಾಳಪ್ಪನ ಮಠದ ವಿಷಯ ಇನ್ನೂ ಕುತೂಹಲಕರ. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿದ ಈ ತತ್ವಪದಕಾರ ಜೇವರ್ಗಿ ಸೀಮೆಯ ಕಡಕೋಳದಲ್ಲಿ ನೆಲೆನಿಂತನು. ಜಾತಿಯ ಮೇಲುಕೀಳನ್ನು, ಪೊಳ್ಳು ಆಚರಣೆಯನ್ನು ಅವನ ಪದಗಳು ಕಟುವಾಗಿ ಪ್ರಶ್ನಿಸುತ್ತವೆ. ಖೈನೂರು ಕೃಷ್ಣಪ್ಪ, ತೆಲುಗಬಾಳ ರೇವಪ್ಪ, ಚನ್ನೂರು ಜಲಾಲಸಾಹೇಬ ಮೊದಲಾದವರು ಅವನ ಶಿಷ್ಯರು. ಬೇರೆ ಬೇರೆ ಜಾತಿ ಮತಗಳ ಜನ ಒಬ್ಬ ಗುರುವಿನ ಮಕ್ಕಳಾದ ಈ ಪರಂಪರೆಗೆ ಕಡಕೋಳದ ಗದ್ದುಗೆಯಷ್ಟೇ ಏಕತಾರಿ ದಮ್ಮಡಿಗಳ ಅಹೋರಾತ್ರಿ ಭಜನೆಯೂ ಸ್ಮಾರಕವಾಗಿದೆ. ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರದ ತತ್ವಪದ ಸಂಪುಟಗಳಿಂದ ಪಠ್ಯಗಳು ಲಭ್ಯವಾಗಿವೆ. ಹಾಡುವ ಮಟ್ಟುಗಳು ಮಾತ್ರ ಹಿರಿಯ ಭಜನೆಕಾರರ ಕಂಠದಲ್ಲೇ ಇವೆ.

ಆಕರಗಳನ್ನು ಹುಡುಕುವವರಿಗೆ ಒಂದು ಪ್ರಾಯೋಗಿಕ ತೊಡಕನ್ನು ಇಲ್ಲಿ ಹೇಳಬೇಕು. 2014ರ ನವೆಂಬರ್ 1ರಂದು ಗುಲಬರ್ಗಾ ಕಲಬುರಗಿಯಾಯಿತು. ಅನಂತರದ ಪುನರ್ವಿಂಗಡಣೆಯಲ್ಲಿ ಯಡ್ರಾಮಿ ಪ್ರತ್ಯೇಕ ತಾಲ್ಲೂಕಾಗಿ, ಕಡಕೋಳ ಮತ್ತು ಅರಳಗುಂಡಗಿಗಳು ಅದಕ್ಕೆ ಸೇರಿದವು. ಅದಕ್ಕೂ ಹಿಂದಿನ ಗ್ಯಾಸೆಟಿಯರ್, ಶಾಸನಸಂಪುಟ, ಪ್ರಬಂಧಗಳಲ್ಲೆಲ್ಲ ಇವು ಗುಲಬರ್ಗಾ ಜಿಲ್ಲೆಯ ಜೇವರ್ಗಿ ತಾಲ್ಲೂಕಿನ ಗ್ರಾಮಗಳು. ಅಳಂದೆ, ಆಲಂದ, ಆಳಂದ ಎಂಬ ಮೂರು ರೂಪಗಳನ್ನೂ, ಗಾಣಗಾಪುರ, ಗಾಣಗಾಪೂರ, ಗಂಧರ್ವಪುರ ಎಂಬ ಹೆಸರುಗಳನ್ನೂ ಗ್ರಂಥಾಲಯದ ಸೂಚಿಯಲ್ಲಿ ಪರಸ್ಪರ ಜೋಡಿಸದಿದ್ದರೆ, ಒಂದೇ ಊರಿನ ಕನ್ನಡ, ಮರಾಠಿ ಆಕರಗಳು ಬೇರೆ ಬೇರೆ ಕಪಾಟುಗಳಲ್ಲೇ ಉಳಿಯುತ್ತವೆ.